ಕಾವು ಕೊಡುವವರು ಬಹಳ, ಬೋಣಿಗಿ ಮಾಡುವವರು ಯಾರು?

ಭಾನುವಾರ ರಾತ್ರಿ ಒಂಬತ್ತರ ಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಬೆಂಗಳೂರಿನ ಬಸ್ಸುಗಳ ಮುಂದೆ ಹುಡುಗ ಹುಡುಗಿಯರ ಸಾಲು. ಬೆನ್ನಿಗೊಂದು ಚೀಲ, ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಪೊಟ್ಟಣ. ಕಳಿಸಲು ಬಂದ ಅಪ್ಪ ಕಿಟಕಿಯ ಕೆಳಗೆ ನಿಂತು, "ಮುಟ್ಟಿದ ಕೂಡಲೆ ಫೋನ್ ಮಾಡಪಾ" ಅನ್ನುತ್ತಾನೆ. ಬಸ್ಸು ಹೋಗುತ್ತದೆ. ಅಪ್ಪ ಸ್ಕೂಟರ್ ಚಾಲೂ ಮಾಡಿ ಮನೆಗೆ ಹೋಗುತ್ತಾನೆ. ಮುಂದಿನ ವಾರ ಮತ್ತೆ ಇದೇ.

ಊರಲ್ಲಿ ಕೆಲಸ ಇಲ್ಲದಿದ್ದರೆ ಮಕ್ಕಳು ಹೋಗದೆ ಏನು ಮಾಡಬೇಕು ಎಂದು ಕೇಳಬಹುದು. ಸರಿ. ಆದರೆ ಈಗ ಹೋಗುವವರಲ್ಲಿ ಇನ್ನೊಂದು ತರದವರೂ ಇದ್ದಾರೆ. ಅವರು ಕೆಲಸ ಕೇಳಿಕೊಂಡು ಹೋಗುವವರಲ್ಲ. ಇಲ್ಲೇ ನಾಲ್ಕು ಜನರಿಗೆ ಕೆಲಸ ಕೊಡುತ್ತೇವೆಂದು ಹೊರಟು, ಒಂದೆರಡು ವರ್ಷ ಒದ್ದಾಡಿ, ಕಡೆಗೆ "ಇಲ್ಲಿ ನಡೆಯೂದಿಲ್ಲ" ಎಂದು ಚೀಲ ಕಟ್ಟಿದವರು. ಇವರಿಗೆ ಈಗಿನ ಹೆಸರು ಸ್ಟಾರ್ಟಪ್ ಮಾಡುವವರು ಎಂದು. ಇವರು ಯಾಕೆ ಹೋಗುತ್ತಾರೆ ಎಂಬುದೇ ಪೇಟೆಯ ಜನ ವಿಚಾರ ಮಾಡಬೇಕಾದ ಪ್ರಶ್ನೆ. ಯಾಕೆಂದರೆ ಉತ್ತರದ ಅರ್ಧ ಭಾಗ ಪೇಟೆಯ ಗಲ್ಲಾದಲ್ಲೇ ಇದೆ.

ಏನಿದು ಸ್ಟಾರ್ಟಪ್?

ದುರ್ಗದಬೈಲಿನಲ್ಲಿ ಈ ಮಾತು ಎತ್ತಿದರೆ ನಗು ಬರುವುದು ಸಹಜ. "ನಮ್ಮಪ್ಪ ಅಂಗಡಿ ಚಾಲೂ ಮಾಡಿದಾಗ ಅದು ಸ್ಟಾರ್ಟಪ್ ಅಲ್ಲೇನ್ರಿ?" ಎಂದು ಯಾರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ವ್ಯತ್ಯಾಸ ಇಷ್ಟೇ. ಅಂಗಡಿ ಇಡುವವನಿಗೆ ಏನು ಮಾರಬೇಕು, ಯಾರು ಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತು. ಸ್ಟಾರ್ಟಪ್ ಮಾಡುವವನು ಇದುವರೆಗೆ ಪೇಟೆಯಲ್ಲಿ ಇಲ್ಲದ ಮಾಲನ್ನು, ಇಲ್ಲವೇ ಇದ್ದ ಮಾಲನ್ನು ಇಲ್ಲದ ರೀತಿಯಲ್ಲಿ ಮಾರಲು ಹೊರಡುತ್ತಾನೆ. ನಡೆದರೆ ಬೇಗ ಬೆಳೆಯುತ್ತದೆ. ನಡೆಯದಿದ್ದರೆ ಹಾಕಿದ ರೊಕ್ಕ ಹೋಯಿತು. ಹತ್ತರಲ್ಲಿ ಒಂದೆರಡು ನಿಂತರೂ ಊರಿಗೆ ಲಾಭ ಎಂಬ ಲೆಕ್ಕ ಅದು.

ಈ ಭಾಗಕ್ಕೆ ಅಂಥ ಸಾಹಸ ಹೊಸದೂ ಅಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಟ ಶುರು ಮಾಡಿದರು. ಮನೆತನದ ದಂಧೆ ಮುದ್ರಣ, ಪುಸ್ತಕ. ಲಾರಿ ಅವರಿಗೆ ಹೊಸ ದಾರಿ. ಅದೇ ವಿಆರ್‌ಎಲ್ ಆಗಿ ಹುಬ್ಬಳ್ಳಿಯಲ್ಲಿ ಬೇರು ಬಿಟ್ಟು, 2015ರಲ್ಲಿ ಶೇರುಪೇಟೆಯನ್ನೂ ಹತ್ತಿತು. ಆಗ ಸ್ಟಾರ್ಟಪ್ ಎಂಬ ಶಬ್ದ ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಲಾರಿ ತಂದರೆ ಸಾಲದು, ಅದರಲ್ಲಿ ಮಾಲು ಹೇರಲು ಕೊಡುವ ವ್ಯಾಪಾರಿಯೂ ಬೇಕು. ಹೊಸಬನ ಲಾರಿಗೆ ಮಾಲು ಕೊಟ್ಟ ಪೇಟೆಯವರು ಇದ್ದರೆಂದೇ ಒಂದು ಲಾರಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ.

ಒಂದೇ ದಾರಿ, ಬೇರೆ ಬೇರೆ ಕಂಪೌಂಡು

ಹುಬ್ಬಳ್ಳಿ-ಧಾರವಾಡಕ್ಕೆ ಈಗ ಏನು ಕಡಿಮೆ ಇದೆ? 2018ರಿಂದ ಓಡುತ್ತಿರುವ ಚಿಗರಿ ಬಸ್ಸು ಹತ್ತಿ ಕಿಟಕಿಯಿಂದ ನೋಡುತ್ತಾ ಹೋದರೆ ಸಾಕು. ವಿದ್ಯಾನಗರ ಬರುತ್ತದೆ. ಅಲ್ಲಿ 1947ರಲ್ಲಿ ಶುರುವಾದ ಬಿವಿಬಿ ಇಂಜಿನಿಯರಿಂಗ್ ಕಾಲೇಜು. ಈಗ ಅದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಉಣಕಲ್ ಕೆರೆ ದಾಟಿದರೆ ಎಪಿಎಂಸಿ: ಹತ್ತಿ, ಮೆಣಸಿನಕಾಯಿ, ಕಾಳುಕಡಿಗಳ ದೊಡ್ಡ ಮಾರುಕಟ್ಟೆ. ನವನಗರ, ರಾಯಾಪುರ, ಸತ್ತೂರು. ಸತ್ತೂರಿನ ಆಸ್ಪತ್ರೆಗೆ ಸುತ್ತಿನ ನಾಲ್ಕಾರು ಜಿಲ್ಲೆಯ ರೋಗಿಗಳು ಬರುತ್ತಾರೆ. ಆ ಕಡೆಗೇ 2015ರಲ್ಲಿ ಶುರುವಾದ ಐಐಐಟಿ. ಧಾರವಾಡ ದಾಟಿ ಬೆಳಗಾವಿ ಹಾದಿ ಹಿಡಿದರೆ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ, ಬೇಲೂರಿನ ಕೈಗಾರಿಕಾ ಪ್ರದೇಶ, 2016ರಲ್ಲಿ ಶುರುವಾದ ಐಐಟಿ. ಈ ಕಡೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಂತ್ರ, ವಾಲ್ವು, ಮೋಟಾರು ಮಾಡುವ ಕಾರ್ಖಾನೆಗಳು. ಊರೊಳಗೆ 1928ರಿಂದ ಇರುವ ವಾಣಿಜ್ಯೋದ್ಯಮ ಸಂಸ್ಥೆ. ರೈಲ್ವೆ ವರ್ಕ್‌ಶಾಪಿಗಂತೂ ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು.

ಕಲಿಸುವವರಿದ್ದಾರೆ, ಕಲಿಯುವವರಿದ್ದಾರೆ, ಮಾಡುವವರಿದ್ದಾರೆ, ಮಾರುವವರಿದ್ದಾರೆ, ಸಾಲ ಕೊಡುವ ಬ್ಯಾಂಕುಗಳಂತೂ ಓಣಿಗೊಂದು. ಎಲ್ಲರೂ ಒಂದು ತಾಸಿನ ಬಸ್ ಪ್ರಯಾಣದೊಳಗೇ ಇದ್ದಾರೆ. ಆದರೆ ಎಲ್ಲರಿಗೂ ಒಂದೊಂದು ಕಂಪೌಂಡು, ಒಂದೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್. ಕಾಲೇಜಿನ ಪ್ರಯೋಗಶಾಲೆಯಲ್ಲಿ ಏನು ತಯಾರಾಗುತ್ತಿದೆ ಎಂಬುದು ಅಡತಿ ಅಂಗಡಿಗೆ ಗೊತ್ತಿಲ್ಲ. ಅಡತಿ ಅಂಗಡಿಯ ತಲೆನೋವು ಏನು ಎಂಬುದು ಕಾಲೇಜಿಗೆ ಗೊತ್ತಿಲ್ಲ.

ದೊಡ್ಡವರ ದಾರಿ ಕಾಯುತ್ತಾ

ಬಹಳ ವರ್ಷ ಈ ಊರು ಬೆಂಗಳೂರಿನಿಂದ ಯಾರಾದರೂ ದೊಡ್ಡವರು ಬರಲಿ ಎಂದು ದಾರಿ ಕಾಯಿತು. ಇಂದಿರಾ ಗಾಜಿನ ಮನೆಯ ಹತ್ತಿರ ಐಟಿ ಪಾರ್ಕ್ ಎದ್ದಿತು. ಕಟ್ಟಡ ಎದ್ದಷ್ಟು ಬೇಗ ಕಂಪನಿಗಳು ಬರಲಿಲ್ಲ. ವಿಮಾನ ನಿಲ್ದಾಣದ ಬಳಿ ಇನ್ಫೋಸಿಸ್ ಕ್ಯಾಂಪಸ್ಸು ಕಟ್ಟಿತು. ಅಲ್ಲಿ ಕೆಲಸ ಶುರು ಮಾಡಿ ಎಂದು 2022ರಲ್ಲಿ ಊರಿನವರೇ ಅಭಿಯಾನ ನಡೆಸಬೇಕಾಯಿತು. ಅದೇ ವರ್ಷ ಕಂಪನಿ ಕೆಲಸ ಶುರು ಮಾಡಿತು. ಅದು ಊರು ಒಟ್ಟಾಗಿ ಕೇಳಿದ್ದಕ್ಕೆ ಸಿಕ್ಕ ಫಲ. ಒಳ್ಳೆಯದೇ ಆಯಿತು. ಆದರೆ ಒಬ್ಬ ದೊಡ್ಡವನು ಬಂದರೆ ಊರಿಗೆ ನೌಕರಿ ಬರುತ್ತದೆ. ಊರಿನದೇ ಹತ್ತು ಸಣ್ಣವು ಬೆಳೆದರೆ ಮಾಲಕತ್ವವೂ ಇಲ್ಲೇ ಉಳಿಯುತ್ತದೆ.

ಸಣ್ಣದನ್ನು ಬೆಳೆಸುವ ಕೆಲಸಕ್ಕೆ ಕೈ ಹಾಕಿದವರು ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆ. ಮದ್ರಾಸಿನ ಐಐಟಿಯಲ್ಲಿ ಓದಿ, ಹೊರದೇಶಕ್ಕೆ ಹೋಗಿ, ಅಮೆರಿಕದ ಬಾಸ್ಟನ್ ಸೀಮೆಯಲ್ಲಿ ಕಂಪನಿ ಕಟ್ಟಿದವರು. 1990ರಲ್ಲಿ ಶುರುವಾದ ಅವರ ಕ್ಯಾಸ್ಕೇಡ್ ಎಂಬ ಕಂಪನಿ 1997ರಲ್ಲಿ 370 ಕೋಟಿ ಡಾಲರಿಗೆ ಮಾರಾಟವಾಯಿತು. ಮಾರನೇ ವರ್ಷ ಸೈಕಮೋರ್ ಎಂಬ ಇನ್ನೊಂದನ್ನು ಕಟ್ಟಿದರು. ದುಡಿದ ಹಣದಲ್ಲಿ ಒಂದು ಪಾಲು ಊರ ಕಡೆ ತಿರುಗಿತು. ದೇಶಪಾಂಡೆ ಫೌಂಡೇಶನ್ ಇಲ್ಲಿ 'ಸ್ಯಾಂಡ್‌ಬಾಕ್ಸ್' ಎಂಬ ಹೆಸರಿನಲ್ಲಿ ಕೆಲಸ ಶುರು ಮಾಡಿತು. ಸ್ಯಾಂಡ್‌ಬಾಕ್ಸ್ ಅಂದರೆ ಮಕ್ಕಳು ಆಡುವ ಮರಳಿನ ಗುಂಡಿ. ಮರಳಲ್ಲಿ ಮನೆ ಕಟ್ಟಿದ ಹುಡುಗ ಅದು ಬಿದ್ದರೆ ಅಳುವುದಿಲ್ಲ, ಇನ್ನೊಂದು ಕಟ್ಟುತ್ತಾನೆ. ದಂಧೆ ಕಲಿಯುವವನಿಗೂ ಅಂಥದೊಂದು ಜಾಗ ಬೇಕು ಎಂಬ ವಿಚಾರ ಅದು.

2018ರಲ್ಲಿ ಅದೇ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಪಕ್ಕಕ್ಕೆ ದೊಡ್ಡ ಪೋಷಣಾ ಕೇಂದ್ರ ಎದ್ದಿತು. ಇಂಗ್ಲಿಷಿನಲ್ಲಿ ಇನ್‌ಕ್ಯುಬೇಟರ್ ಎನ್ನುತ್ತಾರೆ. ಕೋಳಿ ಸಾಕುವವರಿಗೆ ಈ ಶಬ್ದ ಗೊತ್ತು: ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ. ಇಲ್ಲಿ ಹೊಸ ಕಂಪನಿಗಳಿಗೆ ಕೂರಲು ಜಾಗ, ಯಂತ್ರ, ಸಲಹೆ, ಬಂಡವಾಳದಾರರ ಪರಿಚಯ ಸಿಗುತ್ತದೆ. ಕೆಎಲ್‌ಇ ವಿಶ್ವವಿದ್ಯಾಲಯದಲ್ಲಿಯೂ ಇಂಥದೊಂದು ಕೇಂದ್ರ ಇದೆ. ಉದ್ಯಮಿಗಳ ಜಾಗತಿಕ ಸಂಘಟನೆ 'ಟೈ' ಎಂಬುದರ ಶಾಖೆಯೂ ಊರಲ್ಲಿದೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. ಕರ್ನಾಟಕ 2015ರಲ್ಲೇ ಸ್ಟಾರ್ಟಪ್ ನೀತಿ ತಂದಿತು. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಬಂದದ್ದು 2016ರಲ್ಲಿ. 2017ರಿಂದ ರಾಜ್ಯದ 'ಎಲಿವೇಟ್' ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿ ತನಕ ಸಹಾಯಧನ ಉಂಟು. ಅದು ಸಾಲವಲ್ಲ, ಸರ್ಕಾರ ಪಾಲನ್ನೂ ಕೇಳುವುದಿಲ್ಲ. 'ಬಿಯಾಂಡ್ ಬೆಂಗಳೂರು' ಎಂಬ ಹೆಸರಲ್ಲಿ ಮೈಸೂರು, ಮಂಗಳೂರಿನ ಜೊತೆ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನೂ ಒಂದು ಗುಂಪು ಮಾಡಿ ಬೆಳೆಸುವ ಯೋಜನೆ ಇದೆ.

ಅಂದರೆ ಕಾವು ಕೊಡುವವರಿಗೆ ಕೊರತೆ ಇಲ್ಲ. ಮರಿ ಹೊರಗೆ ಬಂದ ಮೇಲೆ ಕಾಳು ಹಾಕುವವರು ಯಾರು?

"ನಾಕ್ ಕಡೆ ಹಚ್ಚಿ ಬಾ"

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಲ್ಲೇ ಇಂಜಿನಿಯರಿಂಗ್ ಓದಿದ ಹುಡುಗನೊಬ್ಬ ಒಂದು ಸಣ್ಣ ಯಂತ್ರ ಮಾಡಿದ್ದಾನೆ ಅನ್ನಿ. ಗೋದಾಮಿನ ಮೂಲೆಯಲ್ಲಿ ಇಟ್ಟರೆ ಗಾಳಿಯ ತೇವ, ಶಾಖ ಅಳೆದು, ಮೆಣಸಿನಕಾಯಿಗೆ ಬೂಸ್ಟು ಹಿಡಿಯುವ ಮೊದಲೇ ಮಾಲಕರ ಮೊಬೈಲಿಗೆ ತಿಳಿಸುತ್ತದೆ. ಅವನು ಅದನ್ನು ಹಿಡಿದು ಅಮರಗೋಳದ ಒಂದು ಅಡತಿ ಅಂಗಡಿಗೆ ಹೋಗುತ್ತಾನೆ.

"ಸಾವಕಾರ್ರ, ಒಂದ್ ಸಲ ಹಚ್ಚಿ ನೋಡ್ರಿ."

"ಚಲೋ ಐತಿ ತಮ್ಮಾ. ಬ್ಯಾರೆ ಎಲ್ಲೆಲ್ಲಿ ಹಚ್ಚೀದಿ?"

"ಇನ್ನೂ ಎಲ್ಲೀ ಇಲ್ಲರಿ. ನೀವ ಮೊದಲನೇದವರು."

"ಹಂಗಾರ ನಾಕ್ ಕಡೆ ಹಚ್ಚಿ ಬಾ. ಆಮ್ಯಾಲೆ ನೋಡೋಣು."

ನಾಲ್ಕೂ ಕಡೆ ಇದೇ ಮಾತು ಬಂದರೆ ನಾಲ್ಕು ಎಂಬುದು ಎಲ್ಲಿಂದ ಶುರುವಾಗಬೇಕು? ಹುಡುಗ ಬ್ಯಾಂಕಿಗೆ ಹೋದರೆ ಹಿಂದಿನ ವರ್ಷಗಳ ವಹಿವಾಟು ತೋರಿಸು ಎನ್ನುತ್ತಾರೆ. ವಹಿವಾಟು ಬೇಕಾದರೆ ಗಿರಾಕಿ ಬೇಕು. ಬೆಂಗಳೂರಿನ ಬಂಡವಾಳದಾರರ ಹತ್ತಿರ ಹೋದರೆ ಅವರ ಮೊದಲ ಪ್ರಶ್ನೆಯೇ "ಗಿರಾಕಿಗಳು ಎಷ್ಟು ಮಂದಿ?" ಕಾಲೇಜಿನವರು ಬೆನ್ನು ತಟ್ಟಿ ಪ್ರಶಸ್ತಿ ಪತ್ರ ಕೊಡುತ್ತಾರೆ. ಪೋಷಣಾ ಕೇಂದ್ರದವರು ಜಾಗ ಕೊಡುತ್ತಾರೆ, ಬುದ್ಧಿ ಹೇಳುತ್ತಾರೆ. ಆದರೆ ಅವರ ಹತ್ತಿರ ಮೆಣಸಿನಕಾಯಿ ಗೋದಾಮು ಇಲ್ಲ. ಸರ್ಕಾರದ ಸಹಾಯಧನ ಬಂದರೆ ಒಂದು ವರ್ಷ ಉಸಿರು ಹಿಡಿಯಬಹುದು. ಆಮೇಲೆ?

ಎಲ್ಲರೂ ಒಳ್ಳೆಯವರೇ. ಯಾರೂ ಬಾಗಿಲು ಹಾಕಿಲ್ಲ. ಆದರೂ ಹುಡುಗ ಗಾಣದ ಎತ್ತಿನ ಹಾಗೆ ಸುತ್ತು ಹಾಕಿ ಎಲ್ಲಿಂದ ಹೊರಟನೋ ಅಲ್ಲಿಗೇ ಬರುತ್ತಾನೆ. ಬೆಂಗಳೂರಿನಲ್ಲಿ ಪರಿಚಯದವರ ಕಂಪನಿ ಒಂದು "ತಂದು ಹಚ್ಚು, ನೋಡೋಣ" ಅನ್ನುತ್ತದೆ. ಭಾನುವಾರದ ಬಸ್ಸಿಗೆ ಟಿಕೀಟು ತೆಗೆಯುತ್ತಾನೆ. ನಾಲ್ಕು ವರ್ಷ ಬಿಟ್ಟು ಅದೇ ಯಂತ್ರವನ್ನು ಬೆಂಗಳೂರಿನ ಏಜೆಂಟನ ಕೈಯಿಂದ ಅದೇ ಅಡತಿ ಅಂಗಡಿ ಎರಡು ಪಟ್ಟು ರೊಕ್ಕ ಕೊಟ್ಟು ಕೊಂಡರೆ ಆಶ್ಚರ್ಯವಿಲ್ಲ.

ಬೆಳಗಾವಿ ಕಳಕೊಂಡ ನೇಗಿಲು

ಇದು ಬರೀ ಕಲ್ಪನೆಯಲ್ಲ. ಇಂಥದು ಪಕ್ಕದ ಜಿಲ್ಲೆಯಲ್ಲೇ ನಡೆದು ಹೋಗಿದೆ, ನೂರು ವರ್ಷಕ್ಕೂ ಹಿಂದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಸಣ್ಣ ಕಾರ್ಖಾನೆ ಹಾಕಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ಮೊದಲ ಆರು ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷಕ್ಕೆ ಆರು ಗಿರಾಕಿ! ಆ ಆರು ಜನ ರೈತರ ಹೆಸರು ಊರಿಗೆ ನೆನಪಿಲ್ಲ. ಆದರೆ ಅವರು ಕೊಳ್ಳದೇ ಹೋಗಿದ್ದರೆ ಏಳನೇ ನೇಗಿಲು ಹುಟ್ಟುತ್ತಿರಲಿಲ್ಲ.

ಮುಂದೆ ಹೊಸ ಬಡಾವಣೆ ಮಾಡಲು ಜಾಗ ಬೇಕೆಂದು ಊರಿನ ಮುನಿಸಿಪಾಲಿಟಿ ಕಾರ್ಖಾನೆ ಎತ್ತಲು ಹೇಳಿತು. ಯಂತ್ರಗಳನ್ನು ಎಲ್ಲಿಡಬೇಕೆಂದು ಅವರು ಚಿಂತೆಯಲ್ಲಿದ್ದಾಗ ಔಂಧ ಸಂಸ್ಥಾನದ ರಾಜರು ಕರೆದು ಜಾಗ ಕೊಟ್ಟರು, ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿ ಎದ್ದಿತು. ಅದು ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು. ಬಹಳ ವರ್ಷಗಳ ಮೇಲೆ ಆ ಮನೆತನದ ಕಾರ್ಖಾನೆಗಳು ಹರಿಹರಕ್ಕೆ, ಬೆಂಗಳೂರಿಗೆ, ಹುಬ್ಬಳ್ಳಿಯ ಇದೇ ಗೋಕುಲ ರಸ್ತೆಗೆ ಬಂದವು. ಆದರೆ ಹುಟ್ಟಿದ ಮನೆ ಹೋದದ್ದು ಹೋಯಿತು.

ಇದರಲ್ಲಿ ಕಲಿಯುವುದು ಎರಡು. ಹೊಸ ಮಾಲಿಗೆ ಧೈರ್ಯ ಮಾಡುವ ಮೊದಲ ಆರು ಜನ ಬೇಕು. ಊರಿನ ಆಡಳಿತಕ್ಕೆ ತನ್ನಲ್ಲಿ ಏನು ಮೊಳೆಯುತ್ತಿದೆ ಎಂಬ ಎಚ್ಚರ ಬೇಕು.

ಕೋಟೆ ಕಟ್ಟಿದವರು, ಕಟ್ಟೆ ಮೇಲೆ ಕೂತವರು

ದೇಶಪಾಂಡೆಯವರು ದುಡಿದ ಬಾಸ್ಟನ್ ಸೀಮೆಯದೇ ಇನ್ನೊಂದು ಕಥೆ ಇದೆ. ಅಲ್ಲಿ ರೂಟ್ 128 ಎಂಬ ಹೆದ್ದಾರಿ. ಅದರ ಆಚೀಚೆ 1970ರ ದಶಕದಲ್ಲಿ ಕಂಪ್ಯೂಟರ್ ಕಂಪನಿಗಳು ತುಂಬಿದ್ದವು. ದೇಶದ ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆ. ಎರಡೂ ಕಡೆ ಹೆಸರುವಾಸಿ ವಿಶ್ವವಿದ್ಯಾಲಯ, ಎರಡೂ ಕಡೆ ಸರ್ಕಾರದ ದುಡ್ಡು, ಎರಡೂ ಕಡೆ ಜಾಣರು. ಆದರೆ 80ರ ದಶಕ ಮುಗಿಯುವುದರೊಳಗೆ ಒಂದು ಸೊರಗಿತು, ಇನ್ನೊಂದು ಚಿಗುರಿತು. ವಾಂಗ್ ಎಂಬ ದೊಡ್ಡ ಕಂಪನಿ 1992ರಲ್ಲಿ ದಿವಾಳಿ ಎದ್ದಿತು. ಅದಕ್ಕಿಂತ ದೊಡ್ಡದಾದ ಡಿಜಿಟಲ್ 1998ರಲ್ಲಿ ಇನ್ನೊಬ್ಬರ ಪಾಲಾಯಿತು.

ಕಾರಣ ಏನು? ಅನ್ನಾಲೀ ಸ್ಯಾಕ್ಸೇನಿಯನ್ ಎಂಬ ವಿದ್ವಾಂಸೆ 1994ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಬಾಸ್ಟನ್ ಕಡೆಯ ಕಂಪನಿ ಒಂದೊಂದೂ ಒಂದೊಂದು ಕೋಟೆ. ಎಲ್ಲ ಸಾಮಾನನ್ನೂ ತಾನೇ ಮಾಡಬೇಕು, ಒಳಗಿನ ಮಾತು ಹೊರಗೆ ಹೋಗಬಾರದು, ಬಿಟ್ಟುಹೋದ ಕೆಲಸಗಾರ ಹೊರಗಿನವನು. ಕ್ಯಾಲಿಫೋರ್ನಿಯದಲ್ಲಿ ಹಾಗಲ್ಲ. ಒಬ್ಬನಿಗೆ ಬೇಕಾದ ಬಿಡಿಭಾಗ ಪಕ್ಕದವನು ಮಾಡುತ್ತಿದ್ದ. ಸಂಜೆ ಮೌಂಟನ್ ವ್ಯೂ ಊರಿನ ವ್ಯಾಗನ್ ವ್ಹೀಲ್ ಎಂಬ ಪಾನಗೃಹದಲ್ಲಿ ಎದುರಾಳಿ ಕಂಪನಿಗಳ ಇಂಜಿನಿಯರುಗಳು ಒಂದೇ ಮೇಜಿಗೆ ಕೂತು ತಮ್ಮ ತಮ್ಮ ತಲೆನೋವು ಹೇಳಿಕೊಳ್ಳುತ್ತಿದ್ದರು. ನಮ್ಮಲ್ಲಿ ಗಿರ್ಮಿಟ್ಟು, ಮಿರ್ಚಿ, ಚಹಾ ಮುಂದಿಟ್ಟುಕೊಂಡು ಪೇಟೆಯ ಧಾರಣಿ ಮಾತಾಡುವುದಿಲ್ಲವೇ, ಹಾಗೆ.

ದೇಶಪಾಂಡೆಯವರು 2002ರಲ್ಲಿ ಬಾಸ್ಟನ್ ಬಳಿಯ ಎಂಐಟಿ ವಿದ್ಯಾಸಂಸ್ಥೆಯಲ್ಲಿ ತಮ್ಮ ಹೆಸರಿನ ಕೇಂದ್ರ ಸ್ಥಾಪಿಸಿದಾಗ ಮಾಡಿದ್ದೂ ಈ ಗೋಡೆ ಒಡೆಯುವ ಕೆಲಸವನ್ನೇ. ಪ್ರಯೋಗಶಾಲೆಯ ಪ್ರೊಫೆಸರರಿಗೆ ಹಣದ ಜೊತೆಗೆ ದಂಧೆ ಬಲ್ಲ ಹಿರಿಯರೊಬ್ಬರನ್ನೂ ಜೊತೆ ಮಾಡುತ್ತಾರೆ. ಮಾಲು ಪೇಟೆಗೆ ಬರುವ ಮೊದಲೇ "ಇದನ್ನು ಕೊಳ್ಳುವವರು ಯಾರು?" ಎಂದು ಕೇಳುವವರು ಹತ್ತಿರ ಇರುತ್ತಾರೆ. ಹುಬ್ಬಳ್ಳಿ ಪೇಟೆಯಲ್ಲಿ ಆ ಪ್ರಶ್ನೆ ಕೇಳಬಲ್ಲ ಹಿರಿಯರಿಗೆ ಬರವೇ?

ಪೇಟೆಯವರ ಮಾತೂ ಸುಳ್ಳಲ್ಲ

ಇಷ್ಟು ಹೇಳಿ ತಪ್ಪೆಲ್ಲ ವ್ಯಾಪಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಸತನ್ನು ನಂಬಿ ಕೈ ಸುಟ್ಟುಕೊಂಡವರು ಪೇಟೆಯಲ್ಲಿ ಇದ್ದಾರೆ. ಟೈ ಕಟ್ಟಿಕೊಂಡು ಬಂದು, ಮೊಬೈಲಿನಲ್ಲಿ ಏನೋ ಹಾಕಿಕೊಟ್ಟು, ವರ್ಷದ ಹಣ ಮುಂಗಡ ತೆಗೆದುಕೊಂಡವನು ಮೂರು ತಿಂಗಳಿಗೆ ಫೋನೇ ಎತ್ತುವುದಿಲ್ಲ. ಬಿಲ್ಲು ಇಂಗ್ಲಿಷಿನಲ್ಲಿ, ತಕರಾರು ಹೇಳುವ ನಂಬರೂ ಇಂಗ್ಲಿಷಿನಲ್ಲಿ. ಯಂತ್ರ ಕೆಟ್ಟರೆ ರಿಪೇರಿಗೆ ಜನ ಬೆಂಗಳೂರಿನಿಂದ ಬರಬೇಕು. ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗ ಇವನ್ನೆಲ್ಲ ಯಾರು ನೋಡುತ್ತಾ ಕೂಡಬೇಕು?

ಇದಕ್ಕೆ ಉತ್ತರವೂ ಊರಲ್ಲೇ ಇದೆ. ಊರಿನ ಹುಡುಗನ ದೊಡ್ಡ ಬಂಡವಾಳವೇ ಅವನು ಊರಲ್ಲಿರುವುದು. ಕೆಟ್ಟರೆ ಅರ್ಧ ತಾಸಿನಲ್ಲಿ ಬಂದು ನಿಲ್ಲುತ್ತಾನೆ. "ಎಣ್ಣಿ ಗಾಣದಾಗ ಧೂಳು ಬಾಳ" ಅಂದರೆ ಅವನಿಗೆ ಅರ್ಥವಾಗುತ್ತದೆ. ಮೊದಲು ಮೂರು ತಿಂಗಳು ಪರೀಕ್ಷೆಗೆ ಹಚ್ಚುವುದು, ಅದರ ಖರ್ಚಿನಷ್ಟು ಮಾತ್ರ ವ್ಯಾಪಾರಿ ಕೊಡುವುದು, ಕೆಲಸ ಮಾಡಿದರೆ ಪೂರ್ತಿ ಬೆಲೆ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಬರೆದು ಕೊಡುವುದು. ಹೀಗೆ ಕರಾರು ಆದರೆ ಇಬ್ಬರಿಗೂ ದೊಡ್ಡ ನಷ್ಟವಿಲ್ಲ. ಬರೆದುಕೊಟ್ಟ ಆ ತಕರಾರು ಕೂಡ ಹುಡುಗನಿಗೆ ಸಾವಿರಾರು ರೂಪಾಯಿಯ ಪಾಠ.

ಇನ್ನು ಉದ್ರಿಯ ಮಾತು. ಪೇಟೆ ನಡೆಯುವುದೇ ಉದ್ರಿ ಮೇಲೆ. ಹಳೆಯ ವ್ಯಾಪಾರಿಗೆ ಆರು ತಿಂಗಳ ಬಾಕಿ ತಡೆಯುವ ಶಕ್ತಿ ಇದೆ. ಇಬ್ಬರು ಹುಡುಗರ ಕಂಪನಿಗೆ ಅದು ಇಲ್ಲ. ಮಾಲು ಮಾರಾಟವಾಗಿಯೂ ರೊಕ್ಕ ಕೈಗೆ ಬಾರದೆ ಮುಚ್ಚುವ ಕಂಪನಿಗಳೇ ಹೆಚ್ಚು ಪಾಪದವು. ಇಲ್ಲಿ ಕಾನೂನು ಕೂಡ ಇದೆ ಎಂಬುದನ್ನು ವ್ಯಾಪಾರಿಗಳು ತಿಳಿದಿರಬೇಕು. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ, ಬರೆದ ಕರಾರು ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2023-24ರ ಲೆಕ್ಕದ ವರ್ಷದಿಂದ ಇನ್ನೊಂದು ಬಿಗಿ ಬಂದಿದೆ. ಅವಧಿ ಮೀರಿದ ಅಂಥ ಬಾಕಿ ವರ್ಷಾಖೇರಿಗೂ ಉಳಿದರೆ ಅದನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ನಿಜವಾಗಿ ಕೊಟ್ಟ ವರ್ಷವೇ ಕಳೆಯಬೇಕು. ಅಂದರೆ ಹುಡುಗರ ರೊಕ್ಕ ತಡೆದರೆ ಸ್ವಂತ ತೆರಿಗೆಯೇ ಹೆಚ್ಚುತ್ತದೆ.

ಯಾರು ಏನು ಮಾಡಬಹುದು?

ಹೊಸ ಕಟ್ಟಡ ಬೇಡ, ಹೊಸ ಸಮಿತಿಯೂ ಬೇಡ. ಇರುವವರು ತಮ್ಮ ಗೇಟು ತೆರೆದರೆ ಸಾಕು.

ವಾಣಿಜ್ಯೋದ್ಯಮ ಸಂಸ್ಥೆಯೂ ಸಣ್ಣ ಕೈಗಾರಿಕೆಗಳ ಸಂಘವೂ ತಮ್ಮ ಸದಸ್ಯರಿಂದ ತಲೆನೋವಿನ ಪಟ್ಟಿ ಮಾಡಬಹುದು. ಗೋದಾಮಿನ ತೇವ, ಕರೆಂಟಿನ ಬಿಲ್ಲು, ಲಾರಿ ಖಾಲಿ ವಾಪಸಾಗುವುದು, ಹಮಾಲರ ಬೆನ್ನು ನೋವು, ಉದ್ರಿ ವಸೂಲಿ. ಆ ಪಟ್ಟಿ ವಿದ್ಯಾನಗರದ ಕಾಲೇಜಿಗೂ ಗೋಕುಲ ರಸ್ತೆಯ ಕೇಂದ್ರಕ್ಕೂ ಧಾರವಾಡದ ಐಐಟಿಗೂ ಮುಟ್ಟಬೇಕು. ಕೊನೆ ವರ್ಷದ ವಿದ್ಯಾರ್ಥಿ ಇಂಟರ್ನೆಟ್ಟಿನಲ್ಲಿ ಹುಡುಕಿ ಯಾವುದೋ ಪ್ರಾಜೆಕ್ಟು ಮಾಡುವ ಬದಲು ಅಮರಗೋಳದ ತೊಂದರೆಗೇ ಪರಿಹಾರ ಹುಡುಕಲಿ. ವಾರಕ್ಕೊಂದು ದಿನ ಪ್ರೊಫೆಸರರು ಪೇಟೆಗೆ ಬರಲಿ, ತಿಂಗಳಿಗೊಂದು ದಿನ ಸಾವಕಾರರು ಪ್ರಯೋಗಶಾಲೆಗೆ ಹೋಗಲಿ. ಚಿಗರಿ ಬಸ್ಸು ಇರುವುದೇ ಅದಕ್ಕೆ.

ಬ್ಯಾಂಕುಗಳು ಅಡಮಾನ ಎಲ್ಲಿ ಎಂದು ಕೇಳುವ ಮೊದಲು ನೆನಪು ಮಾಡಿಕೊಳ್ಳಬೇಕಾದ್ದು ಉಂಟು. ಅಡಮಾನವಿಲ್ಲದ ಸಣ್ಣ ಉದ್ಯಮ ಸಾಲಕ್ಕೆ ಖಾತರಿ ನಿಲ್ಲುವ ಕೇಂದ್ರದ ನಿಧಿ 2000ದಿಂದ ಇದೆ. 2015ರ ಮುದ್ರಾ ಯೋಜನೆಯಲ್ಲಿ 10 ಲಕ್ಷದ ತನಕ ಸಾಲ. ಅದನ್ನು ಸರಿಯಾಗಿ ತೀರಿಸಿದವರಿಗೆ 2024ರಲ್ಲಿ ಮಿತಿ 20 ಲಕ್ಷಕ್ಕೆ ಏರಿತು. ಊರಿನ ಹೆಸರಾದ ಅಂಗಡಿಯೊಂದು ಕೊಟ್ಟ ಖರೀದಿ ಆದೇಶ ಕೈಯಲ್ಲಿದ್ದರೆ ಮ್ಯಾನೇಜರರಿಗೂ ಸಹಿ ಹಾಕಲು ಧೈರ್ಯ ಬರುತ್ತದೆ.

ಮಹಾನಗರ ಪಾಲಿಕೆ ಈ ಅವಳಿ ನಗರದ ದೊಡ್ಡ ಗಿರಾಕಿ. ಬೀದಿ ದೀಪ, ಕಸ, ನೀರಿನ ಸೋರಿಕೆ ಎಲ್ಲಕ್ಕೂ ಸಾಮಾನು ಕೊಳ್ಳಬೇಕು. ಟೆಂಡರಿನಲ್ಲಿ ಇಷ್ಟು ಕೋಟಿ ವಹಿವಾಟು, ಇಷ್ಟು ವರ್ಷದ ಅನುಭವ ಎಂದು ಬರೆದರೆ ಊರಿನ ಹೊಸ ಕಂಪನಿ ಅರ್ಜಿಯನ್ನೇ ಹಾಕುವಂತಿಲ್ಲ. ಕೇಂದ್ರ ಸರ್ಕಾರ ತನ್ನ ಖರೀದಿಯಲ್ಲಿ, ಗುಣಮಟ್ಟ ಸರಿ ಇದ್ದರೆ, ಸ್ಟಾರ್ಟಪ್‌ಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತು ಸಡಿಲಿಸಲು 2016ರಲ್ಲೇ ದಾರಿ ಮಾಡಿತು. ಊರಿನ ಒಂದು ವಾರ್ಡಿನಲ್ಲಿ, ಒಂದು ಓಣಿಯಲ್ಲಿ ಪರೀಕ್ಷೆಗೆ ಜಾಗ ಕೊಟ್ಟರೂ ದೊಡ್ಡದು. ಬೆಳಗಾವಿಯ ಮುನಿಸಿಪಾಲಿಟಿ ಮಾಡಿದ್ದನ್ನು ಹುಬ್ಬಳ್ಳಿ-ಧಾರವಾಡದ ಪಾಲಿಕೆ ಮಾಡಬಾರದು.

ಹುಡುಗರಿಗೂ ಒಂದು ಮಾತು. ಮಾಲು ತಯಾರಾದ ಮೇಲೆ ಪೇಟೆಗೆ ಬರುವುದಲ್ಲ, ತಯಾರು ಮಾಡುವ ಮೊದಲೇ ಬರಬೇಕು. ಒಂದು ವಾರ ಅಡತಿ ಅಂಗಡಿಯ ಕಟ್ಟೆ ಮೇಲೆ ಸುಮ್ಮನೆ ಕೂತು ನೋಡಬೇಕು. ಸಾವಕಾರರ ಎದುರು ಇಂಗ್ಲಿಷ್ ಚಿತ್ರಪಟ ತೋರಿಸುವುದಕ್ಕಿಂತ "ಕಾಕಾ, ನಿಮಗ ಯಾವುದರಾಗ ಹೆಚ್ಚು ನುಕ್ಸಾನ್ ಆಗತೈತಿ?" ಎಂದು ಕೇಳಿದರೆ ದಂಧೆ ಅಲ್ಲೇ ಹುಟ್ಟುತ್ತದೆ.

ಬೆಳಗಿನ ಮಾತು

ಹುಬ್ಬಳ್ಳಿ ಪೇಟೆಗೆ ಒಂದು ಹಳೆಯ ರೀತಿ ಇದೆ. ಬೆಳಿಗ್ಗೆ ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚಿದ ಮೇಲೆ ಬರುವ ಮೊದಲ ಗಿರಾಕಿಯನ್ನು ವ್ಯಾಪಾರಿ ಬರಿಗೈಯಲ್ಲಿ ಕಳಿಸುವುದಿಲ್ಲ. ನಾಲ್ಕು ದುಡ್ಡು ಕಡಿಮೆಯಾದರೂ ಕೊಟ್ಟುಬಿಡುತ್ತಾನೆ. "ಬೋಣಿಗಿ ಟೈಮ್ ಐತಿ, ತಗೊಂಡ್ ಹೋಗ್ರಿ" ಅನ್ನುತ್ತಾನೆ. ಬಂದ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಾನೆ. ಬೋಣಿಗಿ ಚಲೋ ಆದರೆ ದಿನ ಚಲೋ ಎಂಬ ನಂಬಿಕೆ.

ಬೋಣಿಗಿಯ ಬೆಲೆ ಇಷ್ಟು ಬಲ್ಲ ಪೇಟೆ ಬೇರೆ ಇರಲಿಕ್ಕಿಲ್ಲ. ಆ ಪೇಟೆಯ ಬಾಗಿಲಿಗೇ ಊರಿನ ಹುಡುಗನೊಬ್ಬ ತನ್ನ ಮೊದಲ ಮಾಲು ಹಿಡಿದು ಬಂದಾಗ ಅವನಿಗೂ ಬೋಣಿಗಿ ಬೇಕು ಎಂಬುದು ಹೊಳೆಯಬೇಕು. ಎಲ್ಲ ವ್ಯಾಪಾರಿಗಳೂ ಕೊಳ್ಳಬೇಕಿಲ್ಲ. ಕಿರ್ಲೋಸ್ಕರರ ನೇಗಿಲಿಗೆ ಬೇಕಾದದ್ದು ಆರೇ ಮಂದಿ.

ಆ ಆರು ಮಂದಿ ಹುಬ್ಬಳ್ಳಿಯಲ್ಲೇ ಸಿಕ್ಕರೆ, ಭಾನುವಾರ ರಾತ್ರಿಯ ಬಸ್ಸಿನಲ್ಲಿ ಒಂದು ಸೀಟು ಖಾಲಿ ಹೋಗುತ್ತದೆ. ಕಿಟಕಿಯ ಕೆಳಗೆ ನಿಲ್ಲುವ ಅಪ್ಪನೊಬ್ಬ ಅಂದು ಮನೆಯಲ್ಲೇ ಮಗನ ಜೊತೆ ಕೂತು ರೊಟ್ಟಿ ತಿನ್ನುತ್ತಾನೆ.